ಗೇಟಿನಿಂದ ಊರಿಗೆ ಇಬ್ಬರು

ನನ್ನ ಓರಗಿತ್ತಿ ತೀರಿಕೊಂಡ ನಾಲ್ಕನೇ ದಿನ ನಾನು ಕೆಲಸಕ್ಕೆ ಹೋದೆ. ನಮ್ಮ ಕಾರ್ಖಾನೆಯಲ್ಲಿ ಸಾವಿನ ರಜೆಗೆ ಒಂದು ಪಟ್ಟಿ ಇದೆ. ತಂದೆ, ತಾಯಿ, ಗಂಡ, ಮಕ್ಕಳು, ಒಡಹುಟ್ಟಿದವರು, ಅತ್ತೆ, ಮಾವ. ಓರಗಿತ್ತಿ ಅದರಲ್ಲಿ ಇಲ್ಲ. ಆ ಪಟ್ಟಿಯನ್ನು ಟೈಪ್ ಮಾಡಿ ಗೋಡೆಗೆ ಅಂಟಿಸಿದವಳು ನಾನೇ. ಅಂಟಿಸುವಾಗ ಯಾರಾದರೂ ಬಿಟ್ಟುಹೋಗಿದ್ದಾರಾ ಎಂದು ಯೋಚಿಸಿರಲಿಲ್ಲ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಜ್ವರ ಎಂದು ಮಲಗಿದವಳು ಒಂಬತ್ತನೇ ದಿನ ತುಮಕೂರಿನ ಆಸ್ಪತ್ರೆಯಲ್ಲಿ ಹೋದಳು. ಮಾತನಾಡಿಸಲು ಬಂದ ನೆಂಟರು ಅತ್ತೆಯ ಕೈ ಹಿಡಿದು ಅತ್ತರು, ಭಾವನ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ನಾನು ಎಲ್ಲರಿಗೂ ಕಾಫಿ ಕೊಟ್ಟೆ.

ಮಧುಗಿರಿಯ ಹೊರಗಿರುವ ಆ ಕಾರ್ಖಾನೆಯಲ್ಲಿ ಶರ್ಟು ಹೊಲಿಯುತ್ತಾರೆ. ನಾವಿಬ್ಬರೂ ಹನ್ನೊಂದು ವರ್ಷದ ಹಿಂದೆ ಒಂದೇ ದಿನ ಸೇರಿದ್ದೆವು. ಅಕ್ಕ ಕೊನೆಯವರೆಗೂ ಕಾಲರ್ ಹೊಲಿದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಅಕ್ಷರ ದುಂಡಗಿದೆ ಎಂದು ನಾಲ್ಕನೇ ವರ್ಷ ನನ್ನನ್ನು ಹೊಲಿಗೆಯಿಂದ ಎಬ್ಬಿಸಿ ಆಫೀಸಿಗೆ ಹಾಕಿದರು. ಹೊಸಬರನ್ನು ಸೇರಿಸಿಕೊಳ್ಳುವುದು, ಅವರ ಕಾಗದಪತ್ರ ನೋಡುವುದು, ಬಿಟ್ಟುಹೋಗುವವರ ಫಾರಂ ಬರೆಯುವುದು ನನ್ನ ಕೆಲಸ.

ಬೆಳಿಗ್ಗೆ ಕಾರ್ಖಾನೆಯ ದೊಡ್ಡೇರಿ ಬಸ್ಸು ನಮ್ಮೂರ ಗೇಟಿಗೆ ಬರುತ್ತದೆ. ನಮ್ಮ ಕಡೆ ಟಾರು ರಸ್ತೆಯಿಂದ ಊರಿನ ದಾರಿ ಒಡೆಯುವ ಜಾಗಕ್ಕೆ ಗೇಟ್ ಎನ್ನುತ್ತಾರೆ. ಅಲ್ಲಿ ಗೇಟೂ ಇಲ್ಲ, ಏನೂ ಇಲ್ಲ, ಒಂದು ಬೋರ್ಡು ಮಾತ್ರ. ಅಲ್ಲಿಂದ ಊರಿಗೆ ಒಂದೂವರೆ ಕಿಲೋಮೀಟರು ನಡಿಗೆ. ಸಂಜೆ ಅದೇ ದಾರಿ. ಅಕ್ಕ ಯಾವಾಗಲೂ ಬಲಗಡೆ ನಡೆಯುತ್ತಿದ್ದಳು. ಊಟದ ಬ್ಯಾಗು ಅವಳ ಎಡಗೈಯಲ್ಲಿರುತ್ತಿತ್ತು. ನಡೆಯುವಾಗ ಅದು ನನ್ನ ತೊಡೆಗೆ ಬಡಿಯುತ್ತಿತ್ತು. "ಬ್ಯಾಗು ಆ ಕಡೆ ಇಟ್ಕೊಳಕ್ಕ" ಎಂದು ಹನ್ನೊಂದು ವರ್ಷ ಹೇಳಿದೆ. ಅವಳು ಕೇಳಲಿಲ್ಲ.

ಅವಳು ಹೋದ ಮೇಲೆ ನಾನು ಒಬ್ಬಳೇ ನಡೆದು ಬರುವುದನ್ನು ಅತ್ತೆ ಎರಡು ವಾರ ನೋಡಿದರು. ಆಮೇಲೆ ಒಂದು ಸಂಜೆ ಮುದ್ದೆ ಇಕ್ಕುತ್ತಾ ಹೇಳಿದರು.

"ಅವ್ಳಿದ್ಲು, ಇಬ್ರೂ ಓಗ್ತಿದ್ರಿ, ನಾನೇನಾರ ಅಂದ್ನಾ? ಈಗ ಒಬ್ಳೆ ಬತ್ತೀಯ. ನೋಡೋರ ಬಾಯಿ ಮುಚ್ಚಕಾಯ್ತದಾ?"

"ಆಫೀಸ್ ಕೆಲ್ಸ ಅತ್ತೆ, ಬುಡಕಾಗಲ್ಲ."

"ಬುಡು ಅಂತ ಈವತ್ತೇ ಅಂದ್ನಾ? ಅವಳ ವರ್ಷದ ತಿಥಿ ಆಗಗಂಟ ಓಗು. ಆಮೇಲೆ ಸಾಕು ಕಣಮ್ಮ."

ನನ್ನ ಗಂಡ ತಲೆ ಎತ್ತದೆ ಉಂಡರು. ಮರುದಿನ ನಾನು ಕೆಲಸ ಬಿಡುವವರ ಫಾರಮ್ಮೊಂದನ್ನು ಮಡಚಿ ಊಟದ ಬ್ಯಾಗಿನ ತಳಕ್ಕೆ ಹಾಕಿಕೊಂಡೆ. ಹೆಸರು, ನಂಬರು, ಸೇರಿದ ದಿನ ತುಂಬಿದ್ದೆ. ಕಾರಣ ಎಂಬ ಗೆರೆ ಖಾಲಿ ಬಿಟ್ಟಿದ್ದೆ.

ಅದೇ ತಿಂಗಳು ಮ್ಯಾನೇಜರು ನನ್ನನ್ನು ಕರೆಸಿದರು. ಹೊರಗಿನಿಂದ ಬಂದವರು, ಮಾತು ಕಡಿಮೆ. ಎರಡನೇ ಲೈನಿನಲ್ಲಿ ನಲವತ್ತೆರಡು ಮಷೀನು, ಆ ದಿನ ಇಪ್ಪತ್ತೊಂಬತ್ತರ ಮುಂದೆ ಮಾತ್ರ ಜನ ಕೂತಿದ್ದರು. ಲೈನು ಎಂದರೆ ಸರಪಳಿಯ ಹಾಗೆ. ಒಬ್ಬಳು ಕಾಲರ್ ಹೊಲಿದು ಮುಂದೆ ಕೊಟ್ಟರೆ ಇನ್ನೊಬ್ಬಳು ಅದನ್ನು ಮೈಗೆ ಕೂಡಿಸುತ್ತಾಳೆ, ಮತ್ತೊಬ್ಬಳು ತೋಳು. ನಡುವೆ ಒಂದು ಮಷೀನು ಖಾಲಿಯಾದರೆ ಹಿಂದೆ ಬಂಡಲು ಗುಡ್ಡೆ ಬೀಳುತ್ತದೆ, ಮುಂದಿನವರು ಕೈ ಕಟ್ಟಿ ಕೂರುತ್ತಾರೆ.

"ನೀವು ತಗೊಳ್ತಾ ಇದ್ದೀರಿ, ಅವರು ಬಿಡ್ತಾ ಇದ್ದಾರೆ" ಎಂದರು. "ಇದು ಹೀಗೇ ಆದ್ರೆ ಆ ಲೈನ್ ತೆಗೆದು ಬೇರೆ ಯೂನಿಟ್‌ಗೆ ಕಳಿಸ್ತಾರೆ. ಲೈನ್ ಹೋದ್ರೆ ದೊಡ್ಡೇರಿ ಬಸ್ಸೂ ಇರಲ್ಲ. ಮೂರು ತಿಂಗಳು ಟೈಮ್ ಇದೆ."

ಬಸ್ಸು ಹೋದರೆ ಅತ್ತೆ ಇನ್ನೊಂದು ಮಾತು ಆಡುವ ಅಗತ್ಯವಿರಲಿಲ್ಲ. ಇದನ್ನು ನಾನು ಮ್ಯಾನೇಜರಿಗೆ ಹೇಳಲಿಲ್ಲ.

ನಾವು ಜನ ತೆಗೆದುಕೊಳ್ಳುವ ಬಗೆ ಹೀಗಿತ್ತು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಬಾಗಿಲ ಹತ್ತಿರ ಬಂದು ನಿಂತವರ ಆಧಾರ್, ಪಾಸ್‌ಬುಕ್, ವಯಸ್ಸಿನ ದಾಖಲೆ ನೋಡುತ್ತೇವೆ. ಆಮೇಲೆ ಬೆರಳಿನ ಪರೀಕ್ಷೆ. ತೂತಿನ ಹಲಗೆಗೆ ಸಣ್ಣ ಸಣ್ಣ ಗೂಟಗಳನ್ನು ಒಂದು ನಿಮಿಷದಲ್ಲಿ ಎಷ್ಟು ಸಿಕ್ಕಿಸುತ್ತಾರೆ ಎಂದು ಎಣಿಸುತ್ತೇವೆ. ಕೊನೆಗೆ ಕಾಗದದ ಪರೀಕ್ಷೆ. ಮಷೀನಿಗೆ ನೂಲು ಹಾಕುವುದಿಲ್ಲ, ಬಟ್ಟೆಯನ್ನೂ ಕೊಡುವುದಿಲ್ಲ. ನೇರ ಗೆರೆ, ಚೌಕ, ಸುರುಳಿ ಬರೆದ ಒಂದು ಕಾಗದ ಕೊಡುತ್ತೇವೆ. ಪೆಡಲು ತುಳಿದು ಗೆರೆಯ ಮೇಲೇ ಸೂಜಿ ಓಡಿಸಬೇಕು. ಮುಗಿದ ಮೇಲೆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ತೂತುಗಳು ಕಾಣುತ್ತವೆ. ಎಲ್ಲ ಗೆರೆಯ ಮೇಲಿದ್ದರೆ ಎ. ಅಲ್ಲಲ್ಲಿ ತಪ್ಪಿದ್ದರೆ ಬಿ. ತೂತುಗಳು ಗೆರೆ ಬಿಟ್ಟು ತಮ್ಮ ಪಾಡಿಗೆ ಹೋಗಿದ್ದರೆ ಸಿ, ಅವರು ಮನೆಗೆ.

ನಾನು ಮೊದಲು ಮಾಡಿದ ಕೆಲಸ ಪರೀಕ್ಷೆಯನ್ನು ಬಿಗಿ ಮಾಡಿದ್ದು. ಕೈ ಸರಿಯಿಲ್ಲದವರನ್ನು ಸೇರಿಸಿಕೊಂಡಿದ್ದೇವೆ, ಬೈಸಿಕೊಂಡು ಬೇಸತ್ತು ಬಿಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಇನ್ನು ಎ ಬಂದವರು ಮಾತ್ರ ಎಂದು ಬರೆದು ಸಹಿ ಹಾಕಿಸಿಕೊಂಡೆ. ಲೈನ್ ಸೂಪರ್‌ವೈಸರಿಗೆ ಖುಷಿಯಾಯಿತು. ಐದು ವಾರ ಕಳೆಯುವಷ್ಟರಲ್ಲಿ ಹಿಂದೆಂದಿಗಿಂತ ಹೆಚ್ಚು ಜನ ಬಿಟ್ಟಿದ್ದರು. ಅವರೆಲ್ಲ ಒಳ್ಳೆಯ ಕೈಯವರು. ಕೆಲವರು ಬಂದು ಫಾರಂ ಕೊಟ್ಟರು. ಹೆಚ್ಚಿನವರು ಒಂದು ಬೆಳಿಗ್ಗೆ ಬಸ್ಸು ಹತ್ತಲಿಲ್ಲ, ಅಷ್ಟೇ. ಫೋನು ಮಾಡಿದರೆ ಅಣ್ಣನೋ ಮಾವನೋ ಎತ್ತುತ್ತಿದ್ದರು.

ಒಂದು ಮಧ್ಯಾಹ್ನ ಆ ಫಾರಮ್ಮುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕಾರಣದ ಗೆರೆ ಓದಿದೆ. ಮನೆ ಕಡೆ ತೊಂದರೆ. ಮನೆ ಕಡೆ ತೊಂದರೆ. ಮನೆ ಕಡೆ ತೊಂದರೆ. ಎಲ್ಲವೂ ನನ್ನದೇ ದುಂಡು ಅಕ್ಷರ. ಅವರು ಎದುರಿಗೆ ತಲೆ ತಗ್ಗಿಸಿ ನಿಂತಿರುತ್ತಿದ್ದರು. ನಾನು "ಮನೆ ಕಡೆ ತೊಂದರೆ ಅಂತ ಬರೀಲಾ?" ಎನ್ನುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ಇಷ್ಟು ವರ್ಷವೂ ಅವರ ಕಾರಣವನ್ನು ನಾನೇ ಹೇಳಿ, ನಾನೇ ಬರೆದುಕೊಂಡಿದ್ದೆ.

ಹಾಗಾಗಿ ಭಾನುವಾರಗಳಲ್ಲಿ ಅವರ ಊರುಗಳಿಗೆ ಹೋಗಲು ಶುರು ಮಾಡಿದೆ. ಮನೆಯಲ್ಲಿ ಭಾನುವಾರ ಕೂರುವುದು ನನಗೂ ಆಗುತ್ತಿರಲಿಲ್ಲ. ಅಕ್ಕ ಮತ್ತು ನಾನು ಆ ದಿನ ಬಟ್ಟೆ ಒಗೆದು ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚುತ್ತಿದ್ದೆವು.

ಮೊದಲ ಮನೆ ದೊಡ್ಡೇರಿಯಿಂದ ಮುಂದೆ. ಬಿಟ್ಟವಳು ಒಳಗೆ ರಾಗಿ ಕೇರುತ್ತಿದ್ದಳು. ಅವಳ ಅತ್ತೆ ಬಾಗಿಲಿಗೆ ಅಡ್ಡ ನಿಂತು ಮಾತನಾಡಿದರು.

"ಅವ್ಳಿಗೆ ಸ್ವಂಟನೋವು ಬುಡಿ ಮೇಡಂ. ಅಂಗೆ ಕುಂತ್ಕಂಡು ಮಾಡಕಾಗಲ್ಲ."

ಒಳಗೆ ಮೊರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನಾನು ನೀರು ಕುಡಿದು ಬಂದೆ.

ಮುಂದಿನ ಭಾನುವಾರ ತಾವರೆಕೆರೆ ಕಡೆಯ ಒಂದು ಹಳ್ಳಿಗೆ ಹೋದೆ. ಅಲ್ಲಿಯ ಎತ್ತರದ ಹುಡುಗಿಯೊಬ್ಬಳು ಕಾಗದದ ಸುರುಳಿಯನ್ನು ಎಲ್ಲೂ ನಿಲ್ಲಿಸದೆ, ಒಂದು ತೂತೂ ತಪ್ಪದ ಹಾಗೆ ಮುಗಿಸಿದ್ದಳು. ಅಂಥ ಕೈ ಅಕ್ಕನದಾದ ಮೇಲೆ ನಾನು ನೋಡಿರಲಿಲ್ಲ. ಇಪ್ಪತ್ತಮೂರನೇ ದಿನಕ್ಕೆ ಬಿಟ್ಟಿದ್ದಳು. ಅವಳ ತಾಯಿ ಜಗುಲಿಯ ಮೇಲೆ ಕಡ್ಲೆಕಾಯಿ ಬಿಡಿಸುತ್ತಿದ್ದರು, ನನ್ನ ಮುಂದೂ ಒಂದು ಹಿಡಿ ಹಾಕಿದರು. ಹುಡುಗಿ ಕಂಬಕ್ಕೆ ಒರಗಿ ನಿಂತಳು.

"ಕೆಲಸ ಕಷ್ಟ ಆಯ್ತೇನಮ್ಮ?"

"ಇಲ್ಲ ಮೇಡಂ. ಕೆಲ್ಸ ಸೆನ್ನಾಗಿತ್ತು."

"ಸೂಪರ್‌ವೈಸರ್ ಬೈದ್ರಾ?"

"ಬೈಯ್ತಿದ್ರು. ಎಲ್ರುಗೂ ಬೈಯ್ತಿದ್ರು." ಅವಳಿಗೆ ನಗು ಬಂತು. "ನಂಗೆ ಸ್ವಲ್ಪ ಕಮ್ಮಿ."

"ಮತ್ತೆ ಯಾಕೆ ಬಿಟ್ಟೆ?"

ಅವಳು ತಾಯಿಯ ಕಡೆ ನೋಡಿದಳು. ತಾಯಿ ಸಿಪ್ಪೆ ಬದಿಗೆ ತಳ್ಳಿ, ನನಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ನೋಡಿದರು.

"ಇಬ್ರು ಬಂದಿದ್ರಲ್ಲ ಮೇಡಂ ನಿಮ್ತಾವ. ಆಚೆ ಮನೆ ಹುಡ್ಗಿ, ಇವ್ಳು. ನೀವು ಇವ್ಳನ್ನ ತಗಂಡು ಅವ್ಳನ್ನ ವಾಪಸ್ ಕಳ್ಸುದ್ರಿ. ಇವ್ಳೊಬ್ಳೆ ಸಂಜೆ ಗೇಟಿಂದ ಎಂಗ್ ಬತ್ತಾಳೆ?"

"ದಾರಿ ಕೆಟ್ಟದ್ದಾ? ಯಾರಾದ್ರೂ ಏನಾದ್ರೂ ಮಾಡ್ತಾರಾ?"

"ಅಯ್ಯೋ, ಯಾರೂ ಏನೂ ಮಾಡಕಿಲ್ಲ. ಎಲ್ಲ ನಮ್ಮೋರೇಯ. ಒಬ್ಳೆ ಬಂದ್ರೆ ಎಲ್ಲಿಂದ ಬಂದ್ಲು ಅಂತಾರೆ. ಇಬ್ರು ಬಂದ್ರೆ ಕೆಲ್ಸದಿಂದ ಬಂದ್ರು ಅಂತಾರೆ. ಅಷ್ಟೇಯ."

ನನ್ನ ಕೈಯಲ್ಲಿ ಕಡ್ಲೆಕಾಯಿ ಹಾಗೇ ಉಳಿಯಿತು. ನಮ್ಮ ಅತ್ತೆಯ ಮಾತು ಇವರ ಬಾಯಲ್ಲಿ ಬಂದಿತ್ತು. ನಾನು ದಿನಾ ಆ ದಾರಿಯಲ್ಲಿ ಒಬ್ಬಳೇ ನಡೆಯುತ್ತಿದ್ದವಳು, ಆದರೂ ಮೇಜಿನ ಆಚೆ ಕೂತ ಕೂಡಲೇ ಅದು ನನಗೆ ಕಂಡಿರಲಿಲ್ಲ.

"ಆ ಹುಡುಗಿ ಈಗ ಇದಾಳಾ? ಇಬ್ಬರೂ ಬರಲಿ, ಇಬ್ಬರನ್ನೂ ತಗೋತೀನಿ."

"ಎಲ್ಲವ್ಳೆ? ಪಾವಗಡದ ಕಡೆ ಅವ್ರ ಚಿಕ್ಕಮ್ಮನ ಜೊತೆ ಓದ್ಲು. ರಾಯಚರ್ಲು ಅತ್ರ ಸೋಲಾರ್ ಪ್ಲೇಟು ತೊಳೆಯೋ ಕೆಲ್ಸ. ಅಲ್ಲಿ ಇಬ್ರುನ್ನೂ ತಗಂಡ್ರಂತೆ."

ಎತ್ತರದ ಹುಡುಗಿ ಒಳಗೆ ಹೋಗಿ ಕಾರ್ಖಾನೆಯ ಗುರುತಿನ ಕಾರ್ಡು ತಂದುಕೊಟ್ಟಳು. ಕೊರಳಿಗೆ ಹಾಕುವ ದಾರವನ್ನು ಅದಕ್ಕೇ ನೀಟಾಗಿ ಸುತ್ತಿಟ್ಟಿದ್ದಳು. ಆಚೆ ಮನೆಯ ಹುಡುಗಿಯ ಮುಖ ಎಷ್ಟು ನೆನಪಿಸಿಕೊಂಡರೂ ನನಗೆ ಬರಲಿಲ್ಲ. ಅವಳ ಕಾಗದದ ಮೇಲೆ ಸಿ ಎಂದು ಬರೆದವಳು ಮಾತ್ರ ನಾನೇ ಇರಬೇಕು.

ವಾಪಸ್ಸು ಬರುವಾಗ ಶಿರಾದಲ್ಲಿ ಮಧುಗಿರಿ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ಕಾರ್ಖಾನೆಯಲ್ಲಿ ಆಗ ಪರೀಕ್ಷೆ ನಡೆಸಿ ನಮಗೆ ಹೊಲಿಗೆ ಕಲಿಸಿದ ಹಳೆಯ ಮಾಸ್ಟರು ನಿವೃತ್ತಿಯಾದ ಮೇಲೆ ಅಲ್ಲೇ ಪೇಟೆಯಲ್ಲಿ ಒಂದು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಹೋದೆ. ಕನ್ನಡಕದ ಮೇಲಿಂದ ನೋಡಿ ಗುರುತು ಹಿಡಿದರು.

"ಆವೋ ಬೇಟಿ, ಕೂತ್ಕೋ. ಏನು, ಒಬ್ಳೆ ಬಂದಿದೀಯ? ನಿನ್ನ ಜೋಡಿ ಎಲ್ಲಿ?"

ಅವರಿಗೆ ತಿಳಿದಿರಲಿಲ್ಲ. ನಾನು ಹೇಳಿದೆ. ಅವರು ಮಷೀನಿನ ಸ್ವಿಚ್ಚು ಆರಿಸಿದರು. ತುಂಬ ಹೊತ್ತು ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತರು. ಅಕ್ಕ ಸತ್ತ ಮೇಲೆ ನನ್ನ ಎದುರಿಗೆ ಹೀಗೆ ಸುಮ್ಮನೆ ಕೂತವರು ಅವರೊಬ್ಬರೇ.

ಆಮೇಲೆ ನಾನು ಬಂದ ಕೆಲಸದ ಮಾತು ತೆಗೆದೆ. ಇಬ್ಬರು ಬಂದಾಗ ಒಬ್ಬಳು ಫೇಲಾದರೆ ನಿಮ್ಮ ಕಾಲದಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ನಿಮ್ಮಿಬ್ರಿಗೆ ಏನ್ ಮಾಡಿದ್ನೋ ಅದೇ."

"ನಮಗಾ?"

"ನಿನ್ನ ಪೇಪರ್ ಫೇಲ್ ಅಲ್ವಾ ಬೇಟಿ? ನಿನಗೆ ಗೊತ್ತಿಲ್ವಾ?" ಅವರಿಗೆ ಗಾಬರಿಯಾದಂತಿತ್ತು. "ಸುರುಳಿ ಹಾಕು ಅಂದ್ರೆ ನೀನು ಜಿಲೇಬಿ ಹಾಕಿದ್ದೆ. ನಾನು ಅವಳೊಬ್ಳೇ ಸಾಕು ಅಂದೆ. ನೀನು ಆಗ ಹೊರಗೆ ನಲ್ಲಿ ಹತ್ರ ಇದ್ದೆ. ಅವಳು ಕೈ ಚಾಚಿದ್ಲು. ನನ್ನ ರೇಷನ್ ಕಾರ್ಡು ಕೊಡಿ, ನಾನೂ ಓಯ್ತೀನಿ ಅಂದ್ಲು. ಆ ಕೈ ನೋಡಿ ಬಿಡೋಕೆ ನನಗೆ ಮನಸಾಗಲಿಲ್ಲ. ಇಬ್ರೂ ಬನ್ನಿ ಅಂದೆ."

ನಾನು ಹನ್ನೊಂದು ವರ್ಷವೂ ಬೇರೆಯೇ ತಿಳಿದುಕೊಂಡಿದ್ದೆ. ಅಕ್ಕ ಓದಿದ್ದು ಐದನೇ ಕ್ಲಾಸು. ಅವಳ ಅರ್ಜಿಯನ್ನು ನಾನೇ ತುಂಬಿದ್ದೆ. ಅವಳನ್ನು ಮನೆಯಿಂದ ಹೊರಡಿಸಿ ಕೆಲಸಕ್ಕೆ ಸೇರಿಸಿದವಳು ನಾನು ಎಂದೇ ನನ್ನ ಲೆಕ್ಕ. ಜಗಳವಾದಾಗ ಒಂದೆರಡು ಸಲ ಬಾಯಿ ಬಿಟ್ಟು ಹೇಳಿಯೂ ಇದ್ದೆ, ನಾನಿಲ್ಲದಿದ್ದರೆ ನಿನಗೆಲ್ಲಿ ಕೆಲಸ ಸಿಗುತ್ತಿತ್ತು ಎಂದು. ಅವಳು ಆಗ "ಊಂ ಕಣವ್ವ, ನಿಂದೇ ಉಪಕಾರ" ಎಂದು ನಕ್ಕು ಸುಮ್ಮನಾಗುತ್ತಿದ್ದಳು.

ಸೋಮವಾರ ಹಳೆಯ ಫೈಲುಗಳ ಕೋಣೆಯಲ್ಲಿ ನಮ್ಮಿಬ್ಬರ ಕಾಗದ ಹುಡುಕಿದೆ. ಒಂದೇ ಗುಂಡುಪಿನ್ನಿನಲ್ಲಿ ಇದ್ದವು, ಪಿನ್ನು ತುಕ್ಕು ಹಿಡಿದಿತ್ತು. ಕಿಟಕಿಗೆ ಹಿಡಿದು ನೋಡಿದೆ. ಅಕ್ಕನ ತೂತುಗಳು ಗೆರೆಯನ್ನು ಎಲ್ಲೂ ಬಿಟ್ಟಿರಲಿಲ್ಲ. ನನ್ನವು ಮೊದಲ ತಿರುವಿನಲ್ಲೇ ದಾರಿ ತಪ್ಪಿ ಕಾಗದದ ಅಂಚಿನವರೆಗೆ ಹೋಗಿದ್ದವು. ಎರಡನ್ನೂ ಮತ್ತೆ ಅದೇ ಪಿನ್ನಿಗೆ ಸಿಕ್ಕಿಸಿ ಫೈಲಿನಲ್ಲಿಟ್ಟೆ.

ಆ ದಿನವೇ ಅರ್ಜಿಯಲ್ಲಿ ವಿಳಾಸದ ಕೆಳಗೆ ಸ್ಕೇಲಿಟ್ಟು ಒಂದು ಗೆರೆ ಎಳೆದು ಜೊತೆಗಾರ್ತಿ ಎಂದು ಬರೆದೆ. ಜೋಡಿಯಾಗಿ ಬಂದವರನ್ನು ಒಬ್ಬರು ಎಂದೇ ನೋಡಬೇಕು. ತೆಗೆದುಕೊಂಡರೆ ಇಬ್ಬರನ್ನೂ, ಇಲ್ಲದಿದ್ದರೆ ಇಬ್ಬರೂ ಬೇಡ. ಒಬ್ಬಳ ಕೈ ಚೆನ್ನಾಗಿದ್ದರೆ ಸಾಕು. ಇನ್ನೊಬ್ಬಳನ್ನು ಮೊದಲ ತಿಂಗಳು ನೂಲು ಕತ್ತರಿಸಲು, ಬಂಡಲು ಎಣಿಸಲು ಹಾಕಿ, ಊಟದ ಬಿಡುವಿನ ಮೊದಲು ಅರ್ಧ ಗಂಟೆ ಖಾಲಿ ಮಷೀನಿನ ಮೇಲೆ ಕಲಿಸಬೇಕು. ಇಬ್ಬರಿಗೂ ಒಂದೇ ಲೈನು, ಒಂದೇ ಬಸ್ಸು. ಇದನ್ನೆಲ್ಲ ಬರೆದುಕೊಂಡು ಮ್ಯಾನೇಜರ ಬಳಿ ಹೋದೆ. ಜೊತೆಯಿಲ್ಲದೆ ಬಂದವರು ಎಂದು ನನ್ನ ಪಟ್ಟಿಯ ಕೊನೆಯಲ್ಲಿ ಒಂದು ಸಾಲಿತ್ತು. ಸದ್ಯಕ್ಕೆ ಬೇಡ ಎಂದು ಅದರ ಮುಂದೆ ಬರೆದಿದ್ದೆ.

"ಫೇಲಾದವರನ್ನ ತಗೊಳ್ಳಿ ಅಂತೀರಾ. ಇದೇನು ಸ್ಕೂಲಾ ಮೇಡಂ?"

"ಪಾಸಾದವರು ನಿಲ್ತಾ ಇಲ್ಲ ಸರ್."

ಅವರು ಖಾಲಿ ಮಷೀನುಗಳ ಕಡೆ ನೋಡಿದರು. "ಎರಡನೇ ಲೈನ್ ಮಾತ್ರ. ಆರು ವಾರ. ಕೆಟ್ಟರೆ ನಿಮ್ಮ ಹೆಸರಲ್ಲಿ."

ಲೈನ್ ಸೂಪರ್‌ವೈಸರು ಕೊರಟಗೆರೆಯ ಕಡೆಯವರು, ಬಾಯಿ ಜೋರು. "ಒಬ್ಳು ಹೊಲೀತಾಳೆ, ಒಬ್ಳು ಅವ್ಳ ಮುಖ ನೋಡ್ತಾಳೆ. ಸಂಬಂಧ ಕುದುರ್ಸೋ ಆಫೀಸು ಮಾಡ್ಬುಟ್ರಿ ಮೇಡಂ" ಎಂದು ಎಲ್ಲರೆದುರಿಗೆ ನಗಿಸಿದರು.

ಮೊದಲ ಎರಡು ವಾರ ಅವರ ಮಾತೇ ನಿಜವಾಗುವ ಹಾಗಿತ್ತು. ಸುದ್ದಿ ಹರಡಿ, ಬಾಗಿಲ ಹತ್ತಿರವೇ ಜೋಡಿಗಳು ಹುಟ್ಟತೊಡಗಿದವು. "ಏ, ನನ್ ಜೊತೆ ಆಗ್ತೀಯೇನೇ?" "ನಿನ್ನ ಹೆಸ್ರೇನು ಮೊದ್ಲು ಯೋಳು" ಎಂದು ಹುಡುಗಿಯರು ಮಾತನಾಡಿಕೊಳ್ಳುವುದು ನನ್ನ ಕಿಟಕಿಗೆ ಕೇಳುತ್ತಿತ್ತು. ಹಾಗೆ ಸೇರಿದ ಮೂರು ಜೋಡಿ ಒಂದೇ ವಾರದಲ್ಲಿ ಒಡೆಯಿತು. ಆಮೇಲೆ ನಾನು ಒಂದು ಪ್ರಶ್ನೆ ಸೇರಿಸಿದೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಬಸ್ಸಿಳಿದ ಮೇಲೆ ಮನೆಯವರೆಗೆ ದಾರಿಯಲ್ಲಿ ಏನೇನು ಸಿಗುತ್ತದೆ ಹೇಳಿ ಎನ್ನುತ್ತಿದ್ದೆ. ನಿಜವಾದ ಜೋಡಿಗಳ ಉತ್ತರ ಒಂದೇ ಇರುತ್ತಿತ್ತು. ಒಬ್ಬಳು, "ಒಂದು ಹುಣ್ಸೆಮರ, ಪಂಪ್‌ಹೌಸು, ಆಮೇಲೆ ಒಂದು ಕುಂಟು ನಾಯಿ" ಎಂದಳು. ಇನ್ನೊಬ್ಬಳು ಹುಣಸೆಮರ, ಪಂಪ್‌ಹೌಸು ಎಂದು ಹೇಳಿ, "ನಾಯಿ ಐತೆ, ಕಚ್ಚಕಿಲ್ಲ, ಇವ್ಳು ಸುಮ್ನೆ ಹೆದರ್ಕಂತಾಳೆ" ಎಂದಳು. ಅವರನ್ನು ಕಾಗದದ ಪರೀಕ್ಷೆಗೆ ಮೊದಲೇ ತೆಗೆದುಕೊಂಡಂತೆ ಆಗಿತ್ತು.

ನಾಲ್ಕನೇ ವಾರದ ಪೆಟ್ಟು ಜೋರಾಗಿತ್ತು. ಒಂದು ಮಂಗಳವಾರ ದೊಡ್ಡೇರಿ ಬಸ್ಸಿನ ಆರು ಜೋಡಿ ಬರಲಿಲ್ಲ. ಒಂದೇ ಊರಿನಲ್ಲಿ ಮದುವೆ. ಮೊದಲಾಗಿದ್ದರೆ ಆರು ಜನ ಕಡಿಮೆಯಾಗುತ್ತಿದ್ದರು, ಈಗ ಹನ್ನೆರಡು. ಸೂಪರ್‌ವೈಸರು ಗಂಟೆಗಂಟೆಗೆ ಬೋರ್ಡಿನ ಮೇಲೆ ಬರೆಯುವ ಅಂಕಿ ಮಧ್ಯಾಹ್ನಕ್ಕೆ ಅರ್ಧಕ್ಕಿಳಿಯಿತು. ಮ್ಯಾನೇಜರು ಬಂದು ಬೋರ್ಡಿನ ಮುಂದೆ ನಿಂತು, ಆ ಅಂಕಿಯನ್ನು ಡೈರಿಯಲ್ಲಿ ಬರೆದುಕೊಂಡು ಹೋದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಇದಕ್ಕೆ ದಾರಿ ತೋರಿಸಿದವರು ಬಸ್ಸಿನ ಡ್ರೈವರು. "ಮದ್ವೆ ಅಂತ ನಂಗೆ ಭಾನುವಾರಾನೇ ಗೊತ್ತಿತ್ತು ಕಣಮ್ಮ. ನೀವ್ಯಾರೂ ಕೇಳ್ಲಿಲ್ಲ, ನಾನೂ ಯೋಳ್ಲಿಲ್ಲ" ಎಂದರು. ಅಲ್ಲಿಂದ ಮುಂದೆ ರಜೆ ಬೇಕಾದವರು ಹಿಂದಿನ ಸಂಜೆ ಬಸ್ಸಿನಲ್ಲೇ ಡ್ರೈವರಿಗೆ ಹೇಳಬೇಕು, ಅವರು ನನಗೆ ಫೋನು ಮಾಡಬೇಕು ಎಂದಾಯಿತು. ಒಂದು ಜೋಡಿಯ ಇಬ್ಬರನ್ನೂ ಒಂದೇ ಕೆಲಸಕ್ಕೆ ಕೂರಿಸುವುದನ್ನು ನಿಲ್ಲಿಸಿದೆವು. ಮೊದಲನೇ ಲೈನಿನಿಂದ ಎಲ್ಲ ಹೊಲಿಗೆಯೂ ಬರುವ ಇಬ್ಬರು ಖಾಲಿ ಬಿದ್ದ ಕಡೆ ಕೂರಲು ಬಂದರು. ಸೂಪರ್‌ವೈಸರೇ ಹೋಗಿ ಕೇಳಿದ್ದು ಎಂದು ನಂತರ ತಿಳಿಯಿತು.

ಆರು ವಾರ ಮುಗಿದಾಗ ಮ್ಯಾನೇಜರು ನಿಲ್ಲಿಸಿ ಎನ್ನಲಿಲ್ಲ. ನಾನು ಮುಂದುವರಿಸಿದೆ. ಮೂರನೇ ತಿಂಗಳ ಕೊನೆಗೆ ಎರಡನೇ ಲೈನಿನಲ್ಲಿ ಮೂವತ್ತೊಂಬತ್ತು ಜನ ಕೂತಿದ್ದರು. ಫೇಲಾದವರೆಲ್ಲ ಒಳ್ಳೆಯ ಟೈಲರುಗಳಾದರು ಎಂದು ನಾನು ಹೇಳುವುದಿಲ್ಲ. ಅರ್ಧದಷ್ಟು ಜನ ಆದರು. ಇಬ್ಬರಿಗೆ ಪೆಡಲು ಕೊನೆಗೂ ಒಗ್ಗಲಿಲ್ಲ. ಅವರಲ್ಲಿ ನಾಯಿಗೆ ಹೆದರುತ್ತಿದ್ದವಳನ್ನು ಸೂಪರ್‌ವೈಸರು ತಪಾಸಣೆಯ ಮೇಜಿಗೆ ಹಾಕಿದರು. ಬಿಟ್ಟ ಹೊಲಿಗೆಯನ್ನು ಅವಳು ಕಣ್ಣಿಗಿಂತ ಮೊದಲು ಬೆರಳಿನಲ್ಲಿ ಹಿಡಿಯುತ್ತಾಳೆ. "ಇವ್ಳನ್ನ ವಾಪಸ್ ಕಳ್ಸಿದ್ರೆ ನಷ್ಟ ಆಗೋದು" ಎಂದು ಅವರು ಒಂದು ದಿನ ನನಗೆ ಕೇಳುವ ಹಾಗೆ ಬೇರೆ ಯಾರಿಗೋ ಹೇಳಿದರು. ಲೈನು ಉಳಿಯಿತು. ಬಸ್ಸೂ ಉಳಿಯಿತು.

ತಾವರೆಕೆರೆ ಕಡೆಯ ಎತ್ತರದ ಹುಡುಗಿ ಬರಲಿಲ್ಲ. ಅವಳ ಕಾರ್ಡು ಈಗಲೂ ನನ್ನ ಡ್ರಾಯರಿನಲ್ಲಿದೆ.

ಬಸ್ಸು ಉಳಿದರೂ ನಮ್ಮೂರ ಗೇಟಿನಲ್ಲಿ ಇಳಿಯುವವಳು ನಾನೊಬ್ಬಳೇ ಆಗಿದ್ದೆ. ಸಂಜೆ ಬಸ್ಸಿನಲ್ಲಿ ಜೋಡಿಗಳು ಒಂದೊಂದು ಗೇಟಿನಲ್ಲಿ ಇಳಿದು, ಚಪ್ಪಲಿ ಸದ್ದು ಮಾಡುತ್ತಾ ಮಾತನಾಡುತ್ತಾ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಗೇಟು ಬಂದಾಗ ಡ್ರೈವರು ಹೆಡ್‌ಲೈಟನ್ನು ಊರಿನ ದಾರಿಯ ಕಡೆ ಒಂದು ನಿಮಿಷ ತಿರುಗಿಸಿ ನಿಲ್ಲಿಸುತ್ತಿದ್ದರು. ಆಮೇಲೆ ಬಸ್ಸು ಹೋಗುತ್ತಿತ್ತು. ಅಕ್ಕನ ವರ್ಷದ ತಿಥಿ ಮುಗಿಯಿತು. ಎಡೆಯಲ್ಲಿ ಅವಳಿಗೆ ಇಷ್ಟವಾದ ಹುರುಳಿಕಾಳಿನ ಸಾರು ಇಟ್ಟೆವು. ಮರುದಿನ ಬೆಳಿಗ್ಗೆ ನಾನು ಬ್ಯಾಗು ತೆಗೆದುಕೊಂಡಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಈ ತಿಂಗ್ಳು ಕಡೇಗೆ" ಎಂದರು. ನಾನು ಹೂಂ ಎಂದೆ. ಅಂದು ಆಫೀಸಿನಲ್ಲಿ ಬ್ಯಾಗಿನ ತಳದಿಂದ ಆ ಫಾರಂ ತೆಗೆದೆ. ಸಾರಿನ ಎಣ್ಣೆ ತಾಗಿ ಒಂದು ಮೂಲೆ ಪಾರದರ್ಶಕವಾಗಿತ್ತು. ಕಾರಣದ ಗೆರೆಯ ಮೇಲೆ ಮನೆ ಎಂದು ಬರೆದು ಪೆನ್ನು ನಿಲ್ಲಿಸಿದೆ.

ಆ ವಾರದ ಗುರುವಾರ ಒಬ್ಬಳು ಬಂದಳು. ಮೂವತ್ತರ ಆಸುಪಾಸು, ಗಂಡನ ಊರಿನಿಂದ ತಾಯಿಯ ಮನೆಗೆ ಬಂದು ನೆಲೆಸಿದವಳು. ಗೂಟ ಸಿಕ್ಕಿಸಿದಳು, ಕಾಗದ ಹೊಲಿದಳು. ಬಿ ಬಂತು. ಅರ್ಜಿ ತುಂಬುತ್ತಾ, ಆಧಾರಿನಲ್ಲಿದ್ದ ಗಂಡನ ಊರಿನ ವಿಳಾಸ ಬರೆದುಕೊಂಡು, ಜೊತೆಗಾರ್ತಿ ಎಂಬಲ್ಲಿಗೆ ಬಂದೆ.

"ಜೊತೆ ಯಾರು?"

"ಯಾರೂ ಇಲ್ಲ ಮೇಡಂ."

"ಊರಲ್ಲಿ ಯಾರನ್ನಾದ್ರೂ ಕರ್ಕೊಂಡು ಬಾ ಅಂದ್ರೆ?"

"ಕೇಳ್ದೆ. ನನ್ ಜೊತೆ ಯಾರೂ ಬರಕಿಲ್ಲ." ಅವಳು ಅದನ್ನು ಊರಿನ ಹೆಸರು ಹೇಳಿದಷ್ಟೇ ಸಾದಾ ಆಗಿ ಹೇಳಿದಳು. ನಾನೇ ಬರೆದ ನಿಯಮದ ಪ್ರಕಾರ ಅವಳ ಆಧಾರ್ ಕಾರ್ಡನ್ನು ವಾಪಸ್ಸು ಕೊಡಬೇಕಿತ್ತು. ಅವಳಿಗೂ ಅದು ಗೊತ್ತಿತ್ತು ಎಂದು ಕಾಣುತ್ತದೆ, ಕೈ ಚಾಚಿದಳು.

ಆ ಚಾಚಿದ ಕೈಯನ್ನು ನೋಡಿ, ಏನಾದರೂ ಕೇಳಬೇಕೆಂದು, ಎಲ್ಲರಿಗೂ ಕೇಳುವುದನ್ನೇ ಕೇಳಿದೆ. "ಬಸ್ಸಿಳಿದ ಮೇಲೆ ದಾರಿಯಲ್ಲಿ ಏನೇನು ಸಿಗುತ್ತೆ?"

"ಒಂದು ಬೋರ್ಡು. ಆಮೇಲೆ ಸೀಗೆ ಬೇಲಿ. ಒಡೆದೋಗಿರೋ ಮೋರಿ, ಅಲ್ಲಿ ಒಂದು ಕಲ್ಲಿಟ್ಟವ್ರೆ ದಾಟಕ್ಕೆ. ಅದಾದ್ಮೇಲೆ ದಾರಿ ಎರಡಾಯ್ತದೆ."

ಆ ಕಲ್ಲನ್ನು ಇಟ್ಟವರು ಅಕ್ಕ ಮತ್ತು ನಾನು. ಒಂದು ಮಳೆಗಾಲ ಇಬ್ಬರೂ ಸೇರಿ ಹೊಲದ ಬದುವಿನಿಂದ ಉರುಳಿಸಿಕೊಂಡು ಬಂದಿದ್ದೆವು. ತಾಯಿಯ ಮನೆ ಯಾವ ಊರೆಂದು ಕೇಳಿದೆ. ಅವಳದು ನಮ್ಮೂರಿಗೆ ಸೇರಿದ ಪಾಳ್ಯ, ಅದೇ ಗೇಟು. ದಾರಿ ಎರಡಾಗುವಲ್ಲಿ ಅವಳು ಎಡಕ್ಕೆ, ನಾನು ನೇರಕ್ಕೆ.

ಜೊತೆಗಾರ್ತಿ ಎಂಬ ಗೆರೆಯ ಮೇಲೆ ನನ್ನ ಹೆಸರು ಬರೆದೆ. ಅವಳು ಅದನ್ನು ತಲೆಕೆಳಗಾಗಿ ಓದಲು ನೋಡಿದಳು, ಆಗಲಿಲ್ಲ. "ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಮೋರಿ ಹತ್ರ ನಿಂತಿರು" ಎಂದೆ.

ಸೋಮವಾರ ಸಂಜೆ ಗೇಟಿನಲ್ಲಿ ನಾವಿಬ್ಬರೂ ಇಳಿದೆವು. ಡ್ರೈವರು ಹೆಡ್‌ಲೈಟು ತಿರುಗಿಸಲು ಹೊರಟವರು, ಇಬ್ಬರಿರುವುದನ್ನು ನೋಡಿ, ಒಂದು ಹಾರ್ನು ಹಾಕಿ ಹೋಗಿಬಿಟ್ಟರು. ಅವಳು ಹೆಚ್ಚು ಮಾತಿನವಳಲ್ಲ. ಅವಳು ನನ್ನ ಎಡಗಡೆ ನಡೆದಳು. ಬಲಗಡೆ ಖಾಲಿಯಾಗಿತ್ತು, ಅದನ್ನು ಹಾಗೇ ಬಿಟ್ಟುಕೊಂಡು ನಡೆದೆ. ಮೋರಿಯ ಕಲ್ಲಿನ ಮೇಲೆ ಒಬ್ಬರ ಹಿಂದೆ ಒಬ್ಬರು ದಾಟಿದೆವು. ದಾರಿ ಎರಡಾಗುವಲ್ಲಿ ಅವಳು ನಿಂತಳು.

"ನೀವು ಮನೆ ಸೇರಗಂಟ ಇಲ್ಲೇ ನಿಂತಿರ್ತೀನಿ ಬುಡಿ."

"ಬೇಡಮ್ಮ, ನಿನಗೆ ಹೊತ್ತಾಗುತ್ತೆ."

"ಆದ್ರೆ ಆಗ್ಲಿ."

ಅಲ್ಲಿಂದ ನಮ್ಮ ಮನೆಗೆ ಇನ್ನೂರು ಹೆಜ್ಜೆ ಇರಬಹುದು. ಒಬ್ಬಳೇ ನಡೆದೆ. ಅತ್ತೆ ಎಂದಿನಂತೆ ಜಗುಲಿಯ ದೀಪದ ಕೆಳಗೆ ನಿಂತು ದಾರಿ ನೋಡುತ್ತಿದ್ದರು. ನಾನು ಚಪ್ಪಲಿ ಬಿಡುವಾಗ ನನ್ನ ಭುಜದ ಮೇಲಿನಿಂದ ಕತ್ತಲ ಕಡೆಗೆ ಕಣ್ಣು ಕಿರಿದು ಮಾಡಿ ನೋಡಿದರು. ಅಲ್ಲಿ ಮೊಬೈಲಿನ ಒಂದು ಸಣ್ಣ ಬೆಳಕು ಇತ್ತು.

"ಯಾರದು, ಅಲ್ಲಿ ನಿಂತಿರೋದು?"

"ನನ್ನ ಜೊತೆ ಕೆಲ್ಸದಿಂದ ಬಂದವ್ಳು ಅತ್ತೆ" ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಆ ಕಡೆ ನೋಡಿದರು. ಆಮೇಲೆ ಕೈ ಎತ್ತಿ, ಹೋಗು ಎನ್ನುವಂತೆ ಬೀಸಿದರು. ಬೆಳಕು ಎಡಗಡೆಯ ದಾರಿಗೆ ತಿರುಗಿತು.